ಇನ್ನು ಮುಂದೆ ಬಿಚ್ಚಿ ರಿಪೇರಿ ಮಾಡಬಹುದಾದ ಲ್ಯಾಪ್‌ಟಾಪ್ ಮಾತ್ರ

ನಮ್ಮ ಎಲ್ಲ ಗ್ರಾಹಕರಿಗೆ ನಮಸ್ಕಾರ,

ಮುಂದಿನ ತಿಂಗಳ 1ನೇ ತಾರೀಖಿನಿಂದ ನಮ್ಮ ಅಂಗಡಿಯಲ್ಲಿ ತೆಳ್ಳನೆಯ ಸೆಕೆಂಡ್ ಹ್ಯಾಂಡ್ ಲ್ಯಾಪ್‌ಟಾಪ್ ಸಿಗುವುದಿಲ್ಲ. ರ‍್ಯಾಮನ್ನು (ಮೆಮೊರಿ ಚಿಪ್) ಒಳಗಿನ ಮುಖ್ಯ ಬೋರ್ಡಿಗೇ ಬೆಸುಗೆ ಹಾಕಿರುವ, ಬ್ಯಾಟರಿಯನ್ನು ಅಂಟಿಸಿರುವ ಯಾವ ಮಾಡೆಲನ್ನೂ ನಾವು ತರಿಸುವುದಿಲ್ಲ. ಇಡುವುದು ಲೆನೊವೊ ಕಂಪನಿಯ ಹಳೆಯ ಗಟ್ಟಿ ಥಿಂಕ್‌ಪ್ಯಾಡ್‌ಗಳನ್ನು. ಮುಖ್ಯವಾಗಿ ಎಕ್ಸ್220, ಟಿ420 ಮತ್ತು ಟಿ480. ವಾರಂಟಿ ಮೂರು ತಿಂಗಳಿಂದ ಒಂದು ವರ್ಷಕ್ಕೆ ಏರುತ್ತದೆ. ಬೆಲೆ ಒಂದಕ್ಕೆ 1,200 ರೂಪಾಯಿ ಜಾಸ್ತಿಯಾಗುತ್ತದೆ.

ಯಾಕೆ ಅಂತ ಹೇಳಬೇಕು. ಮಗಳು ಕಾಲೇಜಿಗೆ ಸೇರಿದಳೆಂದು ಒಬ್ಬರು ನಮ್ಮಲ್ಲಿ ತೆಳುವಾದ ಚೆಂದದ ಲ್ಯಾಪ್‌ಟಾಪ್ ಕೊಂಡಿದ್ದರು. ಐದನೇ ತಿಂಗಳಿಗೆ ರ‍್ಯಾಮ್ ಕೆಟ್ಟಿತು. ಬೇರೆ ಹಾಕೋಣವೆಂದರೆ ಅದು ಬೋರ್ಡಿನ ಮೈಗೇ ಅಂಟಿಕೊಂಡಿದೆ. ಪೂರ್ತಿ ಬೋರ್ಡ್ ಬದಲಿಸಿದರೆ ಇನ್ನೊಂದು ಲ್ಯಾಪ್‌ಟಾಪಿನಷ್ಟೇ ಖರ್ಚು. ವಾರಂಟಿಯೂ ಮುಗಿದಿತ್ತು. ನಾವು ಅರ್ಧ ದುಡ್ಡು ವಾಪಸ್ ಕೊಟ್ಟೆವು, ಆದರೆ ಮನಸ್ಸಿಗೆ ಸಮಾಧಾನವಾಗಲಿಲ್ಲ. ರಿಪೇರಿ ಮಾಡಲಾಗದ್ದನ್ನು ಮಾರಿದ್ದೇ ನಮ್ಮ ತಪ್ಪು.

ಅದೇ ವಾರ ಸಬ್ ರಿಜಿಸ್ಟ್ರಾರ್ ಆಫೀಸಿನ ಎದುರು ಪತ್ರ ಬರೆಯುವ ಹಿರಿಯರೊಬ್ಬರು ಟಿ420 ಹಿಡಿದುಕೊಂಡು ಬಂದರು. ಕೀಬೋರ್ಡಿನ ಮೇಲೆ ಅರ್ಧ ಲೋಟ ಚಹಾ ಚೆಲ್ಲಿತ್ತು. ಈ ಮಾಡೆಲಿನಲ್ಲಿ ಕೀಬೋರ್ಡಿನ ಕೆಳಗೆ ತಟ್ಟೆ ಇದೆ, ತಳದಲ್ಲಿ ನೀರು ಇಳಿಯಲು ತೂತುಗಳಿವೆ. ಚಹಾ ಅಲ್ಲಿಂದಲೇ ಹೊರಗೆ ಹರಿದಿತ್ತು, ಬೋರ್ಡ್ ಒಣಗಿಯೇ ಇತ್ತು. ಸಕ್ಕರೆಗೆ ಕೆಲವು ಕೀಗಳು ಅಂಟಿಕೊಂಡಿದ್ದವು, ಅಷ್ಟೆ. ತಳದ ಸ್ಕ್ರೂ ಬಿಚ್ಚಿ, ಕೀಬೋರ್ಡನ್ನು ಸ್ವಲ್ಪ ಜರುಗಿಸಿ ಎತ್ತಿದೆವು, ಬೇರೆಯದನ್ನು ಕೂರಿಸಿದೆವು. ಅವರು ಬೆಂಚಿನ ಮೇಲೆ ಕೂತೇ ಕೆಲಸ ಮುಗಿಯಿತು. 2011ರ ಮಾಡೆಲ್ ಅದು! 2017ರ ಒಂದು ವಿಶೇಷ ಮಾಡೆಲ್ ಬಿಟ್ಟರೆ, ಏಳು ಸಾಲಿನ ಹಳೆಯ ಕೀಬೋರ್ಡ್ ಬಂದದ್ದು ಆ ವರ್ಷದ ಮಾಡೆಲುಗಳಿಗೇ ಕೊನೆ. ಒಮ್ಮೆ ಅದರಲ್ಲಿ ಟೈಪ್ ಮಾಡಿ ರೂಢಿಯಾದವರು ಬೇರೆಯದನ್ನು ಮುಟ್ಟಲು ಒಪ್ಪುವುದಿಲ್ಲ.

ಐಬಿಎಂ 1992ರಲ್ಲಿ ಥಿಂಕ್‌ಪ್ಯಾಡ್ ತಂದಿತು, 2005ರಿಂದ ಅದು ಲೆನೊವೊ ಕೈಯಲ್ಲಿದೆ. ಯಾವ ಸ್ಕ್ರೂ ಮೊದಲು, ಯಾವುದು ಆಮೇಲೆ ಅಂತ ಚಿತ್ರ ಸಮೇತ ಹೇಳುವ ರಿಪೇರಿ ಪುಸ್ತಕವನ್ನು ಕಂಪನಿಯೇ ಎಲ್ಲರಿಗೂ ಪುಕ್ಕಟೆ ಕೊಡುತ್ತದೆ. ನಮ್ಮ ಹುಡುಗರು ಕೆಲಸ ಕಲಿತದ್ದು ಅದರಿಂದಲೇ. ಇನ್ನೊಂದು ಅನುಕೂಲವೂ ಇದೆ. ದೊಡ್ಡ ಕಂಪನಿಗಳು ಮೂರ್ನಾಲ್ಕು ವರ್ಷ ಬಳಸಿ ಬಿಟ್ಟ ಯಂತ್ರಗಳು ಲಾಟ್ ಲಾಟಾಗಿ ಬೆಂಗಳೂರಿನ ಎಲೆಕ್ಟ್ರಾನಿಕ್ಸ್ ಮಾರುಕಟ್ಟೆ ಎಸ್.ಪಿ. ರೋಡಿಗೆ ಬರುತ್ತವೆ. ಎಲ್ಲ ಒಂದೇ ಮಾಡೆಲ್ ಆದ್ದರಿಂದ ಸತ್ತ ಒಂದರ ಹಿಂಜ್, ಫ್ಯಾನು, ಸ್ಕ್ರೀನು ಇನ್ನೊಂದಕ್ಕೆ ಆಗುತ್ತವೆ. ಒಂದು ವರ್ಷದ ವಾರಂಟಿ ಕೊಡುವ ಧೈರ್ಯ ಬಂದದ್ದು ಇದರಿಂದ. ಜಾಸ್ತಿ ಕೇಳುತ್ತಿರುವ ದುಡ್ಡು ಇಂಥ ಬಿಡಿಭಾಗ ಕೊಂಡಿಡುವುದಕ್ಕೆ.

ಕೊರತೆಗಳನ್ನೂ ಹೇಳುತ್ತೇವೆ. ಟಿ420 ಭಾರ, ಎರಡು ಕೆಜಿಗೂ ಜಾಸ್ತಿ. ಸ್ಕ್ರೀನಿನ ಬಣ್ಣ ಮಂಕು. ವಿಡಿಯೊ ಎಡಿಟಿಂಗ್ ಮಾಡುವವರು ದಯವಿಟ್ಟು ಇದನ್ನು ಕೊಳ್ಳಬೇಡಿ. ಟಿ480ರ ಹೊರಗಿನ ಬ್ಯಾಟರಿಯನ್ನು ಲ್ಯಾಪ್‌ಟಾಪ್ ಆನ್ ಇರುವಾಗಲೇ ತೆಗೆದು ಬೇರೆ ಹಾಕಬಹುದು, ಒಳಗೆ ಇನ್ನೊಂದು ಇರುತ್ತದೆ. ಆದರೆ ಅದರ ಟೈಪ್-ಸಿ ಚಾರ್ಜಿಂಗ್ ಪೋರ್ಟ್ ಸೂಕ್ಷ್ಮ, ವೈರ್ ಹಿಡಿದು ಎಳೆಯಬೇಡಿ. ಹಳೆಯ ಥಂಡರ್‌ಬೋಲ್ಟ್ ಫರ್ಮ್‌ವೇರ್‌ನಿಂದಲೂ (ಪೋರ್ಟನ್ನು ನಡೆಸುವ ಒಳಗಿನ ಸಾಫ್ಟ್‌ವೇರ್) ಆ ಪೋರ್ಟಿಗೆ ತೊಂದರೆ ಇತ್ತು, ಅದನ್ನು ನಾವೇ ಅಪ್‌ಡೇಟ್ ಮಾಡಿ ಕೊಡುತ್ತೇವೆ. ಹೊರಗೆ ಎಲ್ಲಾದರೂ ಕೊಳ್ಳುವುದಾದರೆ ಹೆಸರು ಸರಿಯಾಗಿ ನೋಡಿ. ಟಿ480ಎಸ್ ಬೇರೆಯೇ ಮಾಡೆಲ್, ಅದರಲ್ಲಿ ಒಂದಷ್ಟು ರ‍್ಯಾಮ್ ಬೆಸುಗೆ ಹಾಕಿದ್ದೇ.

ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ಎಕ್ಸ್220, ಟಿ420 ವಿಂಡೋಸ್ 11ರ ಅಧಿಕೃತ ಪಟ್ಟಿಯಲ್ಲಿಲ್ಲ. ಹಾಗಾಗಿ ಅವನ್ನು ಲಿನಕ್ಸ್ ಮಿಂಟ್ ಎಂಬ ಪುಕ್ಕಟೆ ಆಪರೇಟಿಂಗ್ ಸಿಸ್ಟಮ್ ಹಾಕಿಯೇ ಕೊಡುತ್ತೇವೆ. ಕನ್ನಡ ಟೈಪಿಂಗ್ ಹೇಗೆ ಎಂಬ ಚಿಂತೆ ಬೇಡ. ನುಡಿ ತಂತ್ರಾಂಶದಲ್ಲಿ ರೂಢಿ ಇರುವ ಕಗಪ ಕೀಲಿಮಣೆ ವಿನ್ಯಾಸ ಅದರಲ್ಲೇ ಇದೆ, ಸೆಟ್ ಮಾಡಿ ಕೊಡುತ್ತೇವೆ. ಲೆಕ್ಕಪತ್ರಕ್ಕೆ ಟ್ಯಾಲಿ ಬೇಕಾದವರು ಟಿ480 ತೆಗೆದುಕೊಳ್ಳಿ, ಅದರಲ್ಲಿ ವಿಂಡೋಸ್ 11 ನಡೆಯುತ್ತದೆ.

ಈಗಾಗಲೇ ನಮ್ಮಲ್ಲಿ ತೆಳುವಾದ ಮಾಡೆಲ್ ಕೊಂಡವರನ್ನು ಕೈಬಿಡುವುದಿಲ್ಲ. ನಿಮ್ಮ ವಾರಂಟಿ ಇದ್ದ ಹಾಗೇ ಇರುತ್ತದೆ. ಬದಲಿಸಬೇಕೆಂದರೆ ಎಕ್ಸ್‌ಚೇಂಜ್ ಮಾಡಿಕೊಡುತ್ತೇವೆ. ಒಮ್ಮೆ ಅಂಗಡಿಗೆ ಬನ್ನಿ, ನಿಮ್ಮ ಕಣ್ಣೆದುರೇ ಒಂದು ಟಿ480 ಬಿಚ್ಚಿ ತೋರಿಸುತ್ತೇವೆ. ಎಕ್ಸ್‌ಚೇಂಜ್‌ಗೆ ಬರುವವರು ಚಾರ್ಜರ್ ಮರೆಯದೆ ತನ್ನಿ.

ಇಂತಿ,
ಅಂಗಡಿಯ ಎಲ್ಲರ ಪರವಾಗಿ