ಡ್ಯಾನಿಗೆ, ತಾತನಿಗೆ, ಮತ್ತೆ ನಿಮಗೆಲ್ಲ

ಮುಂದಿನ ವಾರ ಇಂಗ್ಲೆಂಡ್ ಬಿಟ್ಟು ಊರಿಗೆ ಹೊರಟೆ, ಈ ಸಲ ರಿಟರ್ನ್ ಟಿಕೆಟ್ ಇಲ್ಲ. ಅಪ್ಪನಿಗೆ ಇದ್ದಕ್ಕಿದ್ದಂಗೆ ಮಾತು ನಿಂತು ಆಸ್ಪತ್ರೆ ಸೇರಿದ ವಿಷಯ ನಿಮಗೆಲ್ಲ ಗೊತ್ತಿರೋದೇ, ಮತ್ತೆ ಮೊದಲಿಂದ ಹೇಳಲ್ಲ. ಈಗ ಕೋಲು ಹಿಡ್ಕೊಂಡು ಜಗುಲಿವರೆಗೂ ಬಂದು ಪೇಪರ್ ಓದ್ತಾರೆ, ಕಾಫಿ ಆರಿಹೋಗಿದೆ ಅಂತ ಅಕ್ಕನ ಮೇಲೆ ರೇಗ್ತಾರೆ, ಅಂದ್ರೆ ಹುಷಾರಾಗ್ತಿದ್ದಾರೆ ಅಂತಲೇ ಲೆಕ್ಕ. ಆದ್ರೆ ಪಕ್ಕದಲ್ಲಿ ಒಬ್ರು ಇರಲೇಬೇಕು, ಅಕ್ಕ ಒಬ್ಳೇ ಎಷ್ಟು ಅಂತ ಮಾಡ್ತಾಳೆ.

ಹೊರಡೋಕೆ ಮುಂಚೆ ಥ್ಯಾಂಕ್ಸ್ ಹೇಳ್ಬೇಕಾದವರ ಲಿಸ್ಟ್ ಮಾಡಕ್ಕೆ ಕೂತೆ, ನೋಡಿದ್ರೆ ಅರ್ಧಕ್ಕರ್ಧ ಜನ ಒಂದು ಹಳೇ ಸ್ಟೀಮ್ ಟಗ್‌ಬೋಟಿನವರು, ಅಂದ್ರೆ ಬೇರೆ ದೋಣಿಗಳನ್ನ ಎಳೆಯೋ ಹಬೆ ದೋಣಿಯವರು. ಶನಿವಾರ ಬಂತಂದ್ರೆ ಇವನು ಮೈಯೆಲ್ಲ ಮಸಿ ಮಾಡ್ಕೊಂಡು ಎಲ್ಲಿಗೆ ಹೋಗ್ತಾನೆ ಅಂತ ನಗಾಡ್ತಿದ್ರಲ್ಲ, ಅದೇ. ಪೂರ್ತಿ ಹೆಸರು ಡೇನಿಯಲ್ ಆಡಮ್ಸನ್, ನಮ್ಮ ಬಾಯಲ್ಲಿ ಡ್ಯಾನಿ. 1903ರಲ್ಲಿ ಬರ್ಕನ್‌ಹೆಡ್‌ನಲ್ಲಿ ಕಟ್ಟಿದ್ದು, ಎಲ್ಸ್‌ಮಿಯರ್ ಪೋರ್ಟಿಂದ ಲಿವರ್‌ಪೂಲಿಗೆ ಮರ್ಸಿ ನದಿ ಮೇಲೆ ಸರಕಿನ ದೋಣಿಗಳನ್ನ ಎಳ್ಕೊಂಡು ಹೋಗ್ತಿತ್ತು, ಆಮೇಲೆ ಮ್ಯಾಂಚೆಸ್ಟರ್ ಶಿಪ್ ಕೆನಾಲ್ ಕಂಪನಿಯವರು ತಗೊಂಡು 1936ರಲ್ಲಿ ಒಳಗಡೆ ಚೆಂದದ ಸಲೂನ್‌ಗಳನ್ನ ಮಾಡಿ, ದೊಡ್ಡ ಮನುಷ್ಯರನ್ನ ಕೂರಿಸ್ಕೊಂಡು ಕಾಲುವೆ ತೋರಿಸಕ್ಕೆ ಇಟ್ಕೊಂಡ್ರು. ಹಳೇ ಹೆಸರು ಬದಲಾಗಿ ಡೇನಿಯಲ್ ಆಡಮ್ಸನ್ ಆಗಿದ್ದೂ ಆಗಲೇ. ಆಡಮ್ಸನ್ ಅಂದ್ರೆ ಆ ಕಂಪನಿಯ ಮೊದಲನೇ ಚೇರ್ಮನ್, ಆತನ ಮೂಲ ಕಸುಬು ಬಾಯ್ಲರ್ ಮಾಡೋದು. ಪಾಪ 1894ರಲ್ಲಿ ಕಾಲುವೆ ಓಪನ್ ಆಗೋದನ್ನ ನೋಡಲೇ ಇಲ್ಲ, 1890ರಲ್ಲೇ ತೀರ್ಕೊಂಡಿದ್ದ.

1984ರಿಂದ ಡ್ಯಾನಿ ಮೂಲೆಗೆ ಬಿದ್ದು, ಕಿಡಿಗೇಡಿಗಳ ಕೈಗೆ ಸಿಕ್ಕಿ ಹಾಳಾಗಿ, 2004ರಲ್ಲಿ ಇನ್ನೇನು ಗುಜರಿಗೆ ಹಾಕ್ತಾರೆ ಅನ್ನುವಾಗ ಡ್ಯಾನ್ ಕ್ರಾಸ್ ಅನ್ನೋ ಟಗ್‌ಬೋಟಿನವರು ಒಂದು ಪೌಂಡ್ ಕೊಟ್ಟು ಉಳಿಸ್ಕೊಂಡ್ರು. ಒಂದು ಪೌಂಡ್ ಅಂದಾಗ ನಮ್ಮಪ್ಪ ನಂಬಲೇ ಇಲ್ಲ. ಅಲ್ಲಿಂದ ಮುಂದಕ್ಕೆ ವಾಲಂಟಿಯರ್‌ಗಳು ತುಕ್ಕು ಕೆರೆದೂ ಕೆರೆದೂ, ಕೊನೆಗೆ ಲಾಟರಿ ದುಡ್ಡಲ್ಲಿ ಹಳೇದನ್ನ ಉಳಿಸೋಕೆ ನೆರವು ಕೊಡೋ ಹೆರಿಟೇಜ್ ಲಾಟರಿ ಫಂಡ್‌ನ 38 ಲಕ್ಷ ಪೌಂಡ್ ಸಿಕ್ಕಿ, ಬರ್ಕನ್‌ಹೆಡ್‌ನಲ್ಲೇ ರಿಪೇರಿಯಾಗಿ 2016ರಲ್ಲಿ ಮತ್ತೆ ಜನರನ್ನ ಹತ್ತಿಸ್ಕೊಳ್ತು. ನಾನು ಸೇರಿದ್ದು ಆ ಕಷ್ಟವೆಲ್ಲ ಮುಗಿದ ಮೇಲೆ. ನನ್ನ ಕಾಲದಲ್ಲಿ ಉಳಿದಿದ್ದು ದಿನಾ ಇರೋ ಕೆಲಸ: ಇದ್ದಲು ಹೊರೋದು, ಬೂದಿ ಎತ್ತೋದು, ಹಿತ್ತಾಳೆ ಉಜ್ಜೋದು, ಬಣ್ಣ ಎದ್ದ ಕಡೆ ಮತ್ತೆ ಕೆರೆಯೋದು.

ಈಗ ತಾತನ ವಿಷಯ, ಸ್ವಂತ ತಾತ ಅಲ್ಲ, ಡ್ಯಾನಿಯಲ್ಲಿ ನನ್ನ ಜೊತೆ ಕೆಲಸ ಮಾಡೋರು. ಹೆಸರು ಹಾಕಿದ್ರೆ ಬೈತಾರೆ, ಅವರಿಗೆ ಕನ್ನಡ ಬರಲ್ಲ ಅನ್ನೋದು ಬೇರೆ ಮಾತು, ಬಂದಿದ್ರೂ ಇಂಥದ್ದನ್ನ ಓದೋ ಪೈಕಿ ಅಲ್ಲ. ವಯಸ್ಸಲ್ಲಿ ಹಡಗಿನ ಎಂಜಿನ್ ರೂಮಲ್ಲಿ ದುಡಿದವರು, ಮಾತು ಕಮ್ಮಿ, ನನಗೆ ಸಲಿಕೆ ಹಿಡಿಯೋದು ಕಲಿಸಿದವರು. ಇದ್ದಲು ಸುಮ್ನೆ ಎರಚಬಾರದು, ಎಲ್ಲಿ ಬೆಂಕಿ ತೆಳ್ಳಗಾಗಿ ಬೆಳ್ಳಗೆ ಉರೀತಿದೆಯೋ ಅಲ್ಲಿಗೇ ಹೋಗಿ ಬೀಳಬೇಕು, ಹಾಕಿದ ತಕ್ಷಣ ಬಾಗಿಲು ಮುಚ್ಚಬೇಕು, ಇಲ್ಲಾಂದ್ರೆ ತಣ್ಣನೆ ಗಾಳಿ ಒಳಗೆ ನುಗ್ಗುತ್ತೆ. ನಾನು ಬಾಗಿಲು ಒಂದ್ ಸೆಕೆಂಡ್ ಜಾಸ್ತಿ ತೆಗೆದಿದ್ರೂ ಹಿಂದಿಂದ ಕೆಮ್ಮು ಕೇಳಿಸ್ತಿತ್ತು.

ಅಪ್ಪನಿಗೆ ಹಂಗಾದ ರಾತ್ರಿ, ಮಾರನೇ ದಿನ ಡ್ಯಾನಿಯ ಟ್ರಿಪ್ ಇತ್ತು. ತಣ್ಣಗಿರೋ ಬಾಯ್ಲರ್‌ನ ಅರ್ಜೆಂಟಲ್ಲಿ ಬಿಸಿ ಮಾಡಂಗಿಲ್ಲ, ಮೇಲಿನ ನೀರು ಕಾದಿರುತ್ತೆ, ತಳದ್ದು ಇನ್ನೂ ತಣ್ಣಗೇ ಇರುತ್ತೆ, ಪ್ಲೇಟು ಒಂದ್ಕಡೆ ಹಿಗ್ಗಿ ಇನ್ನೊಂದ್ಕಡೆ ಹಿಗ್ಗದೆ ಟ್ಯೂಬಿನ ಬಾಯಲ್ಲಿ ಸೋರಕ್ಕೆ ಶುರು. ಹಂಗಾಗಿ ಸಣ್ಣ ಬೆಂಕಿ ಇಟ್ಕೊಂಡು ಬಾಣಂತಿನ ನೋಡ್ಕೊಂಡಂಗೆ ರಾತ್ರಿಯೆಲ್ಲ ಕಾಯ್ಬೇಕು. ನಾನೂ ತಾತನೂ ಇದ್ವಿ. ಹನ್ನೊಂದೂವರೆಗೆ ಅಕ್ಕನ ಫೋನು. ಅಲ್ಲಿ ಬೆಳಗಿನ ಜಾವ ನಾಲ್ಕು, ಆ ಹೊತ್ತಲ್ಲಿ ಬರೋ ಫೋನು ಏನಂತ ಎತ್ತೋಕೆ ಮುಂಚೆನೇ ಗೊತ್ತಾಗುತ್ತೆ. ಮಂಡ್ಯದಿಂದ ಮೈಸೂರಿಗೆ ಆಂಬ್ಯುಲೆನ್ಸಲ್ಲಿ ಹೋಗ್ತಿದ್ದೀವಿ, ಮಾತು ನಿಂತೋಗಿದೆ ಅಂದ್ಳು, ಆಮೇಲೆ ಸಿಗ್ನಲ್ ಹೋಯ್ತು.

ನಾನು ಇದ್ದಲಿನ ಮೇಲೇ ಕೂತ್ಕೊಂಡೆ. ಯಾಕಾದ್ರೂ ಈ ದೇಶಕ್ಕೆ ಬಂದೆ, ಯಾರದೋ ದೇಶದ ಹಳೇ ಬಾಯ್ಲರ್‌ಗೆ ರಾತ್ರಿಯೆಲ್ಲ ಕಾವಲು ಕೂತಿದ್ದೀನಲ್ಲ, ನಮ್ಮಪ್ಪನ ಪಕ್ಕ ಕೂರಕ್ಕೆ ಆಗ್ಲಿಲ್ವಲ್ಲ ಅಂತ ಜೋರಾಗಿ ಕನ್ನಡದಲ್ಲೇ ಬೈಕೊಂಡೆ ಅನ್ಸುತ್ತೆ, ಏನೇನೋ ಅಂದೆ, ಅದೆಲ್ಲ ಬರೆಯಕ್ಕೆ ಈಗಲೂ ಕೈ ಬರ್ತಿಲ್ಲ.

ತಾತ ಸಮಾಧಾನ ಮಾಡ್ಲಿಲ್ಲ. ನನ್ನ ಕೈಯಲ್ಲಿದ್ದ ಸಲಿಕೆ ತಗೊಂಡ್ರು, ಮಗ್ಗಲ್ಲಿ ಟೀ ಹಿಡಿಸಿದ್ರು, ಸ್ವಲ್ಪ ಹೊತ್ತಾದ್ಮೇಲೆ ನಿಮ್ಮಪ್ಪ ಏನ್ ಕೆಲಸ ಮಾಡ್ತಿದ್ರು ಅಂತ ಕೇಳಿದ್ರು. ಅಷ್ಟು ದಿನ ಜೊತೆಲಿ ಕೆಲಸ ಮಾಡಿದ್ರೂ ಅದನ್ನ ಹೇಳೇ ಇರ್ಲಿಲ್ಲ ನಾನು. ಸಕ್ಕರೆ ಕಾರ್ಖಾನೆಲಿ ಬಾಯ್ಲರ್ ಅಟೆಂಡೆಂಟ್ ಅಂದೆ. ತಾತ ತಿರುಗಿ ನೋಡಿದ್ರು ನೋಡಿ, ಅಲ್ಲಿಂದ ಶುರು ಪ್ರಶ್ನೆ! ಏನು ಉರಿಸ್ತಿದ್ರು? ಕಬ್ಬು ಅರೆದ ಮೇಲೆ ಉಳಿಯೋ ಸಿಪ್ಪೆ ಅಂದೆ. ಒದ್ದೆ ಇರುತ್ತಲ್ಲ, ಹೆಂಗೆ ಉರಿಯುತ್ತೆ? ಬೂದಿ ಎಷ್ಟು ಬರುತ್ತೆ? ಪ್ರೆಶರ್ ಎಷ್ಟು? ಮಳೆಗಾಲದಲ್ಲಿ ಏನ್ ಮಾಡ್ತಿದ್ರು? ನನಗೆ ಗೊತ್ತಿದ್ದು ಚಿಕ್ಕವನಾಗಿದ್ದಾಗ ಊಟದ ಕ್ಯಾರಿಯರ್ ಕೊಡಕ್ಕೆ ಹೋದಾಗ ಗೇಟ್ ಹತ್ರ ಬರ್ತಿದ್ದ ಆ ಸಿಹಿ ಕಮಟು ವಾಸನೆ, ಅಪ್ಪನ ಅಂಗಿ ಮೇಲಿನ ಹಾರುಬೂದಿ, ಅಷ್ಟೇ. ಮಿಕ್ಕಿದ್ದು ಗೊತ್ತಿಲ್ಲ ಅಂದಾಗಲೆಲ್ಲ ತಾತ, ಹಾಗಾದ್ರೆ ಅವರನ್ನೇ ಕೇಳ್ಕೊಂಡು ಬಾ ಅಂತಿದ್ರು. ಬದುಕಿರ್ತಾರೆ ಅಂತಲೂ ಅನ್ಲಿಲ್ಲ, ದೇವರಿದ್ದಾನೆ ಅಂತಲೂ ಅನ್ಲಿಲ್ಲ, ಕೇಳ್ಕೊಂಡು ಬಾ ಅಂದ್ರು ಅಷ್ಟೇ. ಮಧ್ಯೆ ಮಧ್ಯೆ ಎದ್ದು ಬೆಂಕಿ ನೋಡೋರು, ಬಾಯ್ಲರ್‌ನ ನೀರಿನ ಮಟ್ಟ ತೋರಿಸೋ ಗೇಜ್ ಗ್ಲಾಸಲ್ಲಿ ನೀರು ನೋಡೋರು, ಬಂದು ಮತ್ತೆ ಕೂತು ಇನ್ನೊಂದು ಪ್ರಶ್ನೆ. ಬೆಳಗಾಗೋ ಅಷ್ಟರಲ್ಲಿ ಅಕ್ಕನ ಮೆಸೇಜ್ ಬಂತು, ಅಡ್ಮಿಟ್ ಮಾಡ್ಕೊಂಡ್ರು ಅಂತ.

ಬೇರೆಯವರು ಡ್ಯೂಟಿಗೆ ಬಂದ ತಕ್ಷಣ ನನ್ನನ್ನ ತಾತನೇ ಮ್ಯಾಂಚೆಸ್ಟರ್ ಏರ್‌ಪೋರ್ಟಿಗೆ ಬಿಟ್ರು. ಸೀಟು ಹೊಲಸಾಗದಿರ್ಲಿ ಅಂತ ಹಳೇ ಟವೆಲ್ ಹಾಸಿದ್ರು, ಇಳಿಯುವಾಗ ಅವರ ಪಾಲಿನ ಚೀಸ್ ಸ್ಯಾಂಡ್‌ವಿಚ್ ಜೇಬಿಗೆ ತುರುಕಿದ್ರು.

ಅಪ್ಪನಿಗೆ ಮಾತು ವಾಪಸ್ ಬರೋಕೆ ಶುರುವಾದಾಗ ಆ ಪ್ರಶ್ನೆಗಳನ್ನೇ ಕೇಳಿದೆ. ಡಾಕ್ಟರ್ ಹೇಳ್ಕೊಟ್ಟ ಪದಗಳನ್ನ ಹೇಳಲ್ಲ ಅಂತ ಹಟ ಮಾಡ್ತಿದ್ದವರು ಬಾಯ್ಲರ್ ಅಂದ್ರೆ ತೊದಲ್ತಾ ತೊದಲ್ತಾ ಉತ್ತರ ಕೊಡೋರು, ಕೊಟ್ಟು ತಾವೇ ವಾಪಸ್ ಕೇಳೋರು, "ಗ್ಲಾಸ್ ಬ್ಲೋ ಮಾಡ್ತೀರೇನ್ಲಾ ಸರಿಯಾಗಿ? ಕಣ್ಣಿಗೆ ಕಾಣೋ ನೀರ್ನ ನಂಬ್‌ಬೇಡಿ ಅನ್ನು ಅವರ್ಗೆ." ಗ್ಲಾಸ್ ಬ್ಲೋ ಅಂದ್ರೆ ಗೇಜ್ ಗ್ಲಾಸಿನ ದಾರಿ ಕಟ್ಕೊಂಡಿಲ್ಲ ತಾನೇ ಅಂತ ಹಬೆ, ನೀರು ಹಾಯಿಸಿ ನೋಡೋದು. ಅಪ್ಪನ ಈ ಮಾತನ್ನ ತಾತನಿಗೆ ಹೇಳಿದಾಗ, ಈ ಮನುಷ್ಯನಿಗೆ ಕೆಲಸ ಗೊತ್ತು ಅಂದ್ರು. ಅವರ ಬಾಯಲ್ಲಿ ಇದಕ್ಕಿಂತ ದೊಡ್ಡ ಹೊಗಳಿಕೆ ನಾನಂತೂ ಕೇಳಿಲ್ಲ. ಮಂಡ್ಯದಿಂದ ತಂದ ಅಚ್ಚುಬೆಲ್ಲ ಕೊಟ್ರೆ ಮೂಸಿ ನೋಡಿ, ಇದು ತಿನ್ನೋದಾ ಬೆಂಕಿಗೆ ಹಾಕೋದಾ ಅಂತ ಕೇಳಿದ್ರು, ಈಗ ಟೀಗೆ ಅದೇ ಬೇಕು.

ಮಿಕ್ಕವರೆಲ್ಲ ಒಂದೇ ಸಾಲಲ್ಲಿ ಬರ್ತಿದ್ದೀರ, ಬೇಜಾರ್ ಮಾಡ್ಕೋಬೇಡಿ: ನನ್ನ ರೋಸ್ಟರ್ ಮೂರು ತಿಂಗಳು ಹಂಚ್ಕೊಂಡ ಡೆಕ್ಕಿನವರು, ಕೇಕ್ ಮಾರಿ ಇದ್ದಲಿಗೆ ದುಡ್ಡು ಕೂಡಿಸೋ ಅಕ್ಕಂದಿರು, ರಜೆ ಕೊಟ್ಟ ಮ್ಯಾನೇಜರು, ಮಗಳನ್ನ ಸ್ಕೂಲಿಂದ ಕರ್ಕೊಂಡು ಬಂದು ಮೊಸರನ್ನ ತಿನ್ನಿಸಿದ ನಮ್ಮ ಕನ್ನಡ ಬಳಗದವರು, ಎಲ್ಲರಿಗೂ ದೊಡ್ಡ ನಮಸ್ಕಾರ.

ಲಿವರ್‌ಪೂಲ್, ಮ್ಯಾಂಚೆಸ್ಟರ್ ಕಡೆ ಇರೋರು ಯಾರಾದ್ರೂ ಒಂದ್ಸಲ ಚೆಷೈರಿನ ವೀವರ್ ನದಿ ಕಡೆ ಹೋಗಿ ಡ್ಯಾನಿ ನೋಡ್ಕೊಂಡು ಬನ್ನಿ, ಬಿಳಿ ಶರ್ಟ್ ಮಾತ್ರ ಬೇಡ. ನನ್ನ ಬಾಯ್ಲರ್ ಸೂಟೂ (ಮೈಪೂರ್ತಿ ಮುಚ್ಚೋ ಕೆಲಸದ ಬಟ್ಟೆ) ಬೂಟೂ ಅಲ್ಲೇ ಬಿಟ್ಟಿದ್ದೀನಿ, ಬೂಟು ಒಂಬತ್ತನೇ ನಂಬರು, ಯಾರಿಗಾಗುತ್ತೋ ತಗೊಳ್ಳಿ. ಬೆಲ್ಲ ಯಾರಾದ್ರೂ ಊರಿಂದ ಬರೋರ ಕೈಲಿ ಕಳಿಸ್ತೀನಿ, ತಾತನಿಗೆ ತಲುಪಿಸಿ.