ಪಾಸ್‌ಪೋರ್ಟಿನ ಜೆರಾಕ್ಸ್ ಊರಿನ ಮನೆಯಲ್ಲೂ ಇರಲಿ

ಸಂಪಾದಕರಿಗೆ ನಮಸ್ಕಾರ.

ಹೊನ್ನಾವರದಲ್ಲಿ ನನ್ನದೊಂದು ಜೆರಾಕ್ಸ್ ಅಂಗಡಿ ಇದೆ. ಆನ್‌ಲೈನ್ ಅರ್ಜಿಗಳನ್ನೂ ತುಂಬಿಕೊಡುತ್ತೇನೆ. ಮಂಕಿ, ಕಾಸರಕೋಡು ಕಡೆಯಿಂದ ಗಲ್ಫ್‌ಗೆ ಹೊರಟವರು ಬರುತ್ತಲೇ ಇರುತ್ತಾರೆ. ಟಿಕೆಟ್, ವೀಸಾಕ್ಕೆ ಮನೆಮಂದಿಯೆಲ್ಲ ಓಡಾಡುತ್ತಾರೆ. ಆದರೆ ಅಲ್ಲಿ ಏನಾದರೂ ಎಡವಟ್ಟಾದರೆ ಊರಿನಲ್ಲಿದ್ದವರು ಏನು ಮಾಡಬೇಕು ಎಂದು ಯಾರೂ ಹೇಳಿಕೊಡುವುದಿಲ್ಲ. ಅದಕ್ಕೇ ಈ ಪತ್ರ.

ಕಳೆದ ಮಳೆಗಾಲದಲ್ಲಿ ಕಾಸರಕೋಡಿನ ಒಬ್ಬ ತಾಯಿ ನೆನೆದುಕೊಂಡೇ ಅಂಗಡಿಗೆ ಬಂದರು. ಮಗ ಮಸ್ಕತ್‌ನಲ್ಲಿ ಟ್ಯಾಕ್ಸಿಯೊಳಗೆ ಬ್ಯಾಗು ಬಿಟ್ಟಿದ್ದ. ಪಾಸ್‌ಪೋರ್ಟ್, ಮೊಬೈಲು, ಪರ್ಸು ಎಲ್ಲ ಅದರಲ್ಲೇ. ಪೊಲೀಸರಿಗೆ ದೂರು ಕೊಟ್ಟಾಗಿತ್ತು. ರಾಯಭಾರ ಕಚೇರಿಗೆ ಪಾಸ್‌ಪೋರ್ಟಿನ ಪ್ರತಿ ಬೇಕಿತ್ತು. ಅದರ ಫೋಟೊ ಇದ್ದದ್ದು ಕಳೆದುಹೋದ ಮೊಬೈಲಿನಲ್ಲೇ. “ತಂಗೀ, ಇದ್ರಲ್ಲಿ ಎಂತಾದ್ರೂ ಸಿಗ್ತದಾ ನೋಡೇ” ಎಂದು ಪ್ಲಾಸ್ಟಿಕ್ ಕೊಟ್ಟೆಯೊಂದನ್ನು ಟೇಬಲ್ ಮೇಲೆ ಸುರಿದರು. ರೇಷನ್ ಕಾರ್ಡು, ಆಧಾರ್, ಸೊಸೈಟಿ ಪಾಸ್‌ಬುಕ್ಕು. ಎಲ್ಲಕ್ಕಿಂತ ಅಡಿಯಲ್ಲಿ ನಾಲ್ಕು ಮಡಿಕೆ ಮಾಡಿದ ಜೆರಾಕ್ಸ್. ಪಾಸ್‌ಪೋರ್ಟಿನ ಮೊದಲ ಪುಟ, ಕೊನೆಯ ಪುಟ. ಮಡಿಕೆ ಸರಿಯಾಗಿ ನಂಬರಿನ ಮೇಲೇ ಬಿದ್ದು ಒಂದು ಅಂಕೆ ಅಳಿಸಿತ್ತು. 3ರ ಹಾಗೂ ಕಾಣುತ್ತದೆ, 8ರ ಹಾಗೂ ಕಾಣುತ್ತದೆ. ಪುಟದ ಕೆಳಗೆ ಒತ್ತೊತ್ತಾಗಿ ಎರಡು ಉದ್ದ ಸಾಲುಗಳಿರುತ್ತವಲ್ಲ, ಅದರ ಎರಡನೇ ಸಾಲು ಪಾಸ್‌ಪೋರ್ಟ್ ನಂಬರಿನಿಂದಲೇ ಶುರುವಾಗುತ್ತದೆ. ಅಲ್ಲಿ 8 ಎಂದು ಸ್ಪಷ್ಟವಾಗಿತ್ತು. ಸ್ಕ್ಯಾನ್ ಮಾಡಿ ಅವನ ಗೆಳೆಯನ ವಾಟ್ಸ್‌ಆ್ಯಪ್‌ಗೆ ಕಳಿಸಿದೆ. ಅರ್ಜಿ ಮುಂದೆ ಹೋಯಿತು. ಆ ತಾಯಿ ಕಾಗದವನ್ನು ಜೋಪಾನ ಮಾಡಿ ಇಟ್ಟಿದ್ದಕ್ಕೆ ಇಷ್ಟಾದರೂ ಆಯಿತು.

ಪಾಸ್‌ಪೋರ್ಟ್ ಕಳೆದವರು ಊರಿಗೆ ಮರಳಲು ರಾಯಭಾರ ಕಚೇರಿ ಎಮರ್ಜೆನ್ಸಿ ಸರ್ಟಿಫಿಕೇಟ್ ಕೊಡುತ್ತದೆ. ಅದು ಭಾರತಕ್ಕೆ ಬರಲು ಮಾತ್ರ, ಅದೂ ಒಂದೇ ಸಲ. ಅಲ್ಲೇ ಕೆಲಸದಲ್ಲಿ ಉಳಿಯಬೇಕಾದವರು ಹೊಸ ಪಾಸ್‌ಪೋರ್ಟಿಗೇ ಅರ್ಜಿ ಹಾಕಬೇಕು. ಇದು ಗೊತ್ತಿಲ್ಲದೆ ಗಡಿಬಿಡಿಯಲ್ಲಿ ಹೊರಟು ಬಂದರೆ ಇದ್ದ ಕೆಲಸಕ್ಕೇ ಕುತ್ತು, ಅಲ್ವಾ?

ಮಕ್ಕಳನ್ನು ನೋಡಲು ಹೋಗುವ ಕುಮಟಾ, ಶಿರಸಿ ಕಡೆಯ ಹಿರಿಯರ ತಾಪತ್ರಯ ಬೇರೆ. ಅವರ ಕಾರ್ಡು ಅಲ್ಲಿ ನಡೆಯುವುದಿಲ್ಲ. ರಿಸರ್ವ್ ಬ್ಯಾಂಕಿನ ನಿಯಮದಂತೆ 2020ರಿಂದ ಹೊಸ ಕಾರ್ಡುಗಳು ದೇಶದೊಳಗೆ ಮಾತ್ರ ನಡೆಯುತ್ತವೆ. ವಿದೇಶದ ಬಳಕೆಯನ್ನು ನಾವೇ ಆನ್ ಮಾಡಿಸಬೇಕು. ಬ್ಯಾಂಕಿಗೆ ಕೊಟ್ಟ ಸಿಮ್ಮಿಗೆ ರೋಮಿಂಗ್ ಇಲ್ಲದಿದ್ದರೆ ಒಟಿಪಿಯೂ ಬರುವುದಿಲ್ಲ.

ಪಾಯಸಕ್ಕಿರಲಿ ಎಂದು ಮಗನ ಬ್ಯಾಗಿಗೆ ಗಸಗಸೆ ಕಟ್ಟಿಕೊಡುವ ತಾಯಂದಿರಿಗೂ ಒಂದು ಮಾತು. ದುಬೈ, ಸಿಂಗಾಪುರದಲ್ಲಿ ಗಸಗಸೆ ಒಯ್ಯುವಂತಿಲ್ಲ, ಮಾದಕ ವಸ್ತುವಿನ ಕೇಸಾಗಬಹುದು. ದಯವಿಟ್ಟು ಹಾಕಬೇಡಿ.

ಸಂಬಳ ಸಿಗದಿದ್ದರೆ, ಜೈಲು ಸೇರಿದರೆ, ಮೃತದೇಹ ತರಿಸಬೇಕಾದರೆ ಮನೆಯವರು ಇಲ್ಲಿಂದಲೇ ದೂರು ಕೊಡಬಹುದು. ಅದಕ್ಕೆ 2015ರಿಂದ ವಿದೇಶಾಂಗ ಸಚಿವಾಲಯದ ‘ಮದದ್’ ಜಾಲತಾಣ ಇದೆ. ಪ್ರವಾಸಿ ಭಾರತೀಯ ಸಹಾಯತಾ ಕೇಂದ್ರದ 1800 11 3090ಕ್ಕೆ ಕರೆ ಉಚಿತ. ಇದು ಗೊತ್ತಿಲ್ಲದೆ ಎಷ್ಟೋ ಮನೆಯವರು ಏಜೆಂಟರ ಬಾಗಿಲಿಗೆ ಸುಮ್ನೆ ಅಲೆಯುತ್ತಾರೆ. ನೋಡಿದರೆ ಹೊಟ್ಟೆ ಉರಿಯುತ್ತದೆ.

ಪಾಸ್‌ಪೋರ್ಟ್, ವೀಸಾ, ಅಲ್ಲಿನ ಗುರುತಿನ ಚೀಟಿಯ ಪ್ರತಿ, ಕಂಪನಿಯ ವಿಳಾಸ, ಜೊತೆಗಿರುವ ಒಬ್ಬರ ನಂಬರು. ಇಷ್ಟು ಊರಿನ ಮನೆಯಲ್ಲಿರಲಿ. ಮಡಚದೆ ಇಡಿ. ಈ ಪಟ್ಟಿಯನ್ನೂ ಸಹಾಯವಾಣಿ ನಂಬರನ್ನೂ ಕರಾವಳಿಯ ಪ್ರತಿ ಗ್ರಾಮ ಪಂಚಾಯ್ತಿ, ಅಂಚೆ ಕಚೇರಿಯ ಗೋಡೆಗೆ ದೊಡ್ಡ ಕನ್ನಡ ಅಕ್ಷರದಲ್ಲಿ ಹಾಕಿಸಬೇಕೆಂದು ಜಿಲ್ಲಾಡಳಿತವನ್ನು ಕೇಳಿಕೊಳ್ಳುತ್ತೇನೆ.

– ಜೆರಾಕ್ಸ್ ಅಂಗಡಿಯ ಒಬ್ಬ ಮಹಿಳೆ, ಹೊನ್ನಾವರ