ಖಾಸಗಿ ಇಮೇಲ್: ಕಂಪನಿಗಿಂತ ಮೊದಲು ವಿಳಾಸ ನೋಡಿ

ಮಾನ್ಯ ಸಂಪಾದಕರೇ,

ಖಾಸಗಿ ಇಮೇಲ್ ಸೇವೆಗಳನ್ನು ಪರಿಚಯಿಸಿದ ನಿಮ್ಮ ಲೇಖನ ಉಪಯುಕ್ತವಾಗಿತ್ತು. ಆದರೆ ಎನ್‌ಕ್ರಿಪ್ಷನ್ (ಬೇರೆಯವರು ಓದಲಾಗದಂತೆ ಪತ್ರಕ್ಕೆ ಹಾಕುವ ಗುಪ್ತಲಿಪಿಯ ಬೀಗ) ಒಂದಿದ್ದರೆ ಮಿಕ್ಕಿದ್ದೆಲ್ಲ ತಾನಾಗಿ ಸರಿಹೋಗುತ್ತದೆ ಎಂಬ ಧಾಟಿ ಅದರಲ್ಲಿತ್ತು. ಸಾಮಾನ್ಯ ಬಳಕೆದಾರ ಪೆಟ್ಟು ತಿನ್ನುವುದು ಯಾರೋ ಕದ್ದು ಓದಿದ್ದಕ್ಕಿಂತ ಹೆಚ್ಚಾಗಿ, ತನ್ನದೇ ಖಾತೆಯೊಳಗೆ ಹೋಗಲಾರದೆ ಹೊರಗುಳಿದಾಗ. ಸೇವೆ ಆರಿಸುವಾಗ ಈ ಎರಡನ್ನೂ ಒಟ್ಟಿಗೆ ತೂಗಬೇಕು.

ಜಿಮೇಲ್ ಎಲ್ಲರ ಹತ್ತಿರವೂ ಇರುವುದರಿಂದ ಅಲ್ಲಿಂದಲೇ ಶುರು ಮಾಡೋಣ. ಪತ್ರದ ಒಳಗಿನದನ್ನು ನೋಡಿ ಜಾಹೀರಾತು ಹೊಂದಿಸುವುದನ್ನು ನಿಲ್ಲಿಸುವುದಾಗಿ ಗೂಗಲ್ 2017ರಲ್ಲೇ ಪ್ರಕಟಿಸಿತು. ಸ್ಪ್ಯಾಮ್ ಸೋಸುವುದರಲ್ಲಿ ಅದನ್ನು ಮೀರಿಸುವವರು ಕಡಿಮೆ. ತೊಡಕಿರುವುದು ಬೇರೆ ಕಡೆ. ಉಚಿತ 15 ಜಿಬಿ ಎಂದರೆ ಮೇಲ್, ಡ್ರೈವ್, ಫೋಟೋಸ್ ಎಲ್ಲಕ್ಕೂ ಸೇರಿ. 2024ರಿಂದ ಆಂಡ್ರಾಯ್ಡ್ ಫೋನಿನ ವಾಟ್ಸ್‌ಆ್ಯಪ್ ಬ್ಯಾಕಪ್ ಕೂಡ ಇದೇ ಲೆಕ್ಕಕ್ಕೆ ಬಂದಿದೆ. ಮದುವೆ ಮನೆಯ ವಿಡಿಯೊಗಳು ಫ್ಯಾಮಿಲಿ ಗ್ರೂಪಿನಲ್ಲಿ ನಾಲ್ಕು ದಿನ ಓಡಾಡಿದರೆ ಸಾಕು, ಉಳಿದಿದ್ದ ಜಾಗವೂ ಮುಗಿಯುತ್ತದೆ. ಆಮೇಲೆ ಬ್ಯಾಂಕಿನ ಸ್ಟೇಟ್‌ಮೆಂಟ್ ಆಗಲಿ, ಆದಾಯ ತೆರಿಗೆ ಇಲಾಖೆಯ ನೋಟಿಸ್ ಆಗಲಿ, ಬಂದ ದಾರಿಗೆ ಸುಂಕವಿಲ್ಲ ಎಂದು ವಾಪಸ್. ಜಿಮೇಲ್ ಬಿಡಲು ಮನಸ್ಸಿಲ್ಲದವರು ಕನಿಷ್ಠ ಬ್ಯಾಕಪ್‌ನಲ್ಲಿ ವಿಡಿಯೊ ಸೇರಿಸುವ ಆಯ್ಕೆಯನ್ನಾದರೂ ಆಫ್ ಮಾಡಿಟ್ಟುಕೊಳ್ಳಿ.

ಇನ್ನು ಎನ್‌ಕ್ರಿಪ್ಷನ್. ಜಿನೀವಾದ ಪ್ರೋಟಾನ್ ಮೇಲ್ ಮತ್ತು ಜರ್ಮನಿಯ ಹ್ಯಾನೋವರ್‌ನ ಟುಟಾ (2023ರವರೆಗೆ ಟುಟಾನೋಟಾ) ಪತ್ರಗಳನ್ನು ಬೀಗ ಹಾಕಿಯೇ ಇಡುತ್ತವೆ. ಕೀಲಿ ಇರುವುದು ಬಳಕೆದಾರನ ಪಾಸ್‌ವರ್ಡ್‌ನಲ್ಲಿ. ಆದರೆ ಈ ತುದಿಯಿಂದ ಆ ತುದಿಯವರೆಗಿನ ಗುಟ್ಟು ತಾನಾಗಿ ಸಿಗುವುದು ಸಾಮಾನ್ಯವಾಗಿ ಎರಡೂ ಕಡೆಯವರು ಒಂದೇ ಸೇವೆಯಲ್ಲಿದ್ದಾಗ ಮಾತ್ರ. ಪ್ರೋಟಾನ್‌ನಿಂದ ಜಿಮೇಲ್‌ಗೆ ಮಾಮೂಲಿಯಾಗಿ ಕಳಿಸಿದ ಪತ್ರದ ಪ್ರತಿ ಗೂಗಲ್ ಸರ್ವರಿನಲ್ಲಿ ಕೂರುತ್ತದೆ. ನಿಮ್ಮ ಬ್ಯಾಂಕು ಕಳಿಸುವ ಪತ್ರಕ್ಕೆ ಬೀಗ ಬೀಳುವುದೂ ಅದು ಪ್ರೋಟಾನ್ ಸರ್ವರ್ ಮುಟ್ಟಿದ ಮೇಲೆಯೇ. ಪ್ರೋಟಾನ್‌ನಲ್ಲಿ ವಿಷಯದ ಸಾಲು ಅಂದರೆ ಸಬ್ಜೆಕ್ಟ್ ಈ ತುದಿ-ತುದಿ ರಕ್ಷಣೆಯೊಳಗೆ ಬರುವುದಿಲ್ಲ, ಟುಟಾದಲ್ಲಿ ಬರುತ್ತದೆ. ಹಾಗಾಗಿ ಸಬ್ಜೆಕ್ಟ್‌ನಲ್ಲೇ ಪ್ಯಾನ್ ಸಂಖ್ಯೆ ಬರೆಯುವ ಅಭ್ಯಾಸ ಎಲ್ಲಿದ್ದರೂ ಬಿಡುವುದು ಒಳ್ಳೆಯದು.

ಈ ಬೀಗಕ್ಕೆ ಇನ್ನೊಂದು ಮುಖವಿದೆ, ಅದನ್ನು ನಿಮ್ಮ ಲೇಖನ ಹೇಳಲಿಲ್ಲ. ಪ್ರೋಟಾನ್ ಪಾಸ್‌ವರ್ಡ್ ಮರೆತು ರೀಸೆಟ್ ಮಾಡಿದರೆ ಖಾತೆ ಸಿಗುತ್ತದೆ, ಹಳೆಯ ಪತ್ರಗಳು ಮಾತ್ರ ಬೀಗದೊಳಗೇ ಉಳಿಯುತ್ತವೆ. ಅವನ್ನು ತೆರೆಯಲು ಮೊದಲೇ ಬರೆದಿಟ್ಟ 12 ಪದಗಳ ರಿಕವರಿ ಫ್ರೇಸ್ ಅಥವಾ ಅಂಥದ್ದೇ ಇನ್ನೊಂದು ಏರ್ಪಾಡು ಇರಬೇಕು. ಟುಟಾದಲ್ಲಿ ಪಾಸ್‌ವರ್ಡ್ ಜೊತೆಗೆ ರಿಕವರಿ ಕೋಡ್ ಕೂಡ ಕಳೆದರೆ ಖಾತೆಯ ಆಸೆಯನ್ನೇ ಬಿಡಬೇಕು. ಕಂಪನಿಗೆ ಓದಲಾಗದ್ದನ್ನು ಕಂಪನಿ ನಿಮಗೆ ತೆರೆದು ಕೊಡಲಾರದು. ಇದು ದೋಷವಲ್ಲ, ಖಾಸಗಿತನಕ್ಕೆ ತೆರುವ ಬೆಲೆ. ಕೋಡನ್ನು ಕಾಗದದಲ್ಲಿ ಬರೆದು ಮನೆಯ ಪತ್ರಗಳ ಜೊತೆ ಇಡಿ. ಫೋನಿನಲ್ಲಿ ಸ್ಕ್ರೀನ್‌ಶಾಟ್ ತೆಗೆದಿಟ್ಟರೆ ಫೋನ್ ಹೋದ ದಿನ ಎರಡೂ ಹೋಗುತ್ತವೆ.

ಕಾನೂನಿನ ಮಾತು. 2021ರಲ್ಲಿ ಫ್ರಾನ್ಸ್‌ನ ಹವಾಮಾನ ಹೋರಾಟಗಾರರೊಬ್ಬರ ಐಪಿ ವಿಳಾಸವನ್ನು (ಇಂಟರ್‌ನೆಟ್ ಸಂಪರ್ಕವನ್ನು ಗುರುತಿಸುವ ಸಂಖ್ಯೆ) ಸ್ವಿಸ್ ಅಧಿಕಾರಿಗಳ ಆದೇಶದಂತೆ ಪ್ರೋಟಾನ್ ಕೊಡಬೇಕಾಯಿತು. ಪತ್ರದ ಒಳಗಿನದನ್ನು ಕೊಡಲಿಲ್ಲ, ಕೊಡಲು ಅದರಿಂದ ಆಗುವಂತೆಯೂ ಇರಲಿಲ್ಲ. ನಮ್ಮಲ್ಲಿ 2025ರ ಏಪ್ರಿಲ್ 29ರಂದು ಕರ್ನಾಟಕ ಹೈಕೋರ್ಟ್‌ನ ಏಕಸದಸ್ಯ ಪೀಠ, ಮಹಿಳಾ ಉದ್ಯೋಗಿಗಳ ಬಗ್ಗೆ ಅಶ್ಲೀಲ ಮೇಲ್‌ಗಳು ಬಂದ ಪ್ರಕರಣದಲ್ಲಿ, ಐಟಿ ಕಾಯ್ದೆಯ 69ಎ ಕಲಮಿನಡಿ ಪ್ರೋಟಾನ್ ಮೇಲ್ ನಿರ್ಬಂಧಿಸುವ ಪ್ರಕ್ರಿಯೆ ಕೈಗೊಳ್ಳುವಂತೆ ಕೇಂದ್ರಕ್ಕೆ ನಿರ್ದೇಶಿಸಿತು. ಅದರ ಸರಿತಪ್ಪು ಇಲ್ಲಿ ಬೇಡ. ಬಳಕೆದಾರ ಗಮನಿಸಬೇಕಾದ್ದು ಇಷ್ಟು: ಎಲ್ಲೋ ಯಾರೋ ಮಾಡಿದ ತಪ್ಪಿಗೆ ನಿಮ್ಮ ಅಂಚೆಪೆಟ್ಟಿಗೆಯ ಬಾಗಿಲು ಮುಚ್ಚಬಹುದು.

ಸೇವೆಗಳೇ ಕಣ್ಮುಚ್ಚಿದ್ದೂ ಇದೆ. ಲಾವಾಬಿಟ್ ಎಂಬ ಇಮೇಲ್ ಸೇವೆ 2013ರ ಆಗಸ್ಟ್‌ನಲ್ಲಿ ಏಕಾಏಕಿ ನಿಂತಿತು. 2019ರ ಫೆಬ್ರುವರಿಯಲ್ಲಿ ವಿಎಫ್‌ಇಮೇಲ್‌ನ ಅಮೆರಿಕದ ಸರ್ವರುಗಳನ್ನು ದಾಳಿಕೋರರು ಬ್ಯಾಕಪ್ ಸಮೇತ ಅಳಿಸಿಹಾಕಿದರು. ಖಾಸಗಿತನಕ್ಕೆ ಹೆಸರಾಗುತ್ತಿದ್ದ ಸ್ಕಿಫ್ ಅನ್ನು 2024ರ ಫೆಬ್ರುವರಿಯಲ್ಲಿ ನೋಶನ್ ಕಂಪನಿ ಕೊಂಡಿತು. ಆರು ತಿಂಗಳಲ್ಲಿ ಸ್ಕಿಫ್ ಕೂಡ ಮುಚ್ಚಿತು.

ಸ್ವದೇಶಿ ಎಂದು ಜೋಹೋ ಕಡೆ ಹೋಗುವವರು ಈಗ ಹೆಚ್ಚು. ಜಾಹೀರಾತಿಲ್ಲ, ಉಚಿತವಾಗಿ 5 ಜಿಬಿ ಕೊಡುತ್ತಾರೆ. ಒಳ್ಳೆಯ ಸೇವೆಯೇ. ಆದರೆ ಪ್ರೋಟಾನ್‌ನಂಥ ಬೀಗ ಅಲ್ಲಿ ಮಾಮೂಲಾಗಿ ಇರುವುದಿಲ್ಲ, ಉಚಿತ ಯೋಜನೆಯಲ್ಲಿ ಐಮ್ಯಾಪ್ (ಬೇರೆ ಮೇಲ್ ಆ್ಯಪ್‌ಗಳಲ್ಲಿ ಪತ್ರ ಓದುವ ಸೌಲಭ್ಯ) ಸಿಗುವುದಿಲ್ಲ. ಸ್ವದೇಶಿ ಬೇರೆ, ಖಾಸಗಿ ಬೇರೆ.

ಇಷ್ಟಕ್ಕೆಲ್ಲ ಒಂದೇ ಗಟ್ಟಿ ಉಪಾಯ, ವಿಳಾಸವನ್ನು ಸ್ವಂತದ್ದು ಮಾಡಿಕೊಳ್ಳುವುದು. ಡಾಟ್ ಇನ್ ಡೊಮೇನ್, ಅಂದರೆ ವಿಳಾಸದಲ್ಲಿ @ ಆದ ಮೇಲೆ ಬರುವ ಹೆಸರು, ವರ್ಷಕ್ಕೆ ಸಾವಿರ ರೂಪಾಯಿಯ ಆಸುಪಾಸು ಸಿಗುತ್ತದೆ (ಮೊದಲ ವರ್ಷದ ರಿಯಾಯಿತಿ ದರ ನೋಡಿ ಮರುಳಾಗಬೇಡಿ, ನವೀಕರಣದ ದರ ನೋಡಿ). ಅದನ್ನು ಪ್ರೋಟಾನ್, ಫಾಸ್ಟ್‌ಮೇಲ್‌ಗಳ ಹಣದ ಯೋಜನೆಗೋ ಜೋಹೋಗೋ ಜೋಡಿಸಬಹುದು; ಬರ್ಲಿನ್ನಿನ ಪೋಸ್ಟಿಯೊ ತಿಂಗಳಿಗೆ ಒಂದೇ ಯೂರೋ, ಆದರೆ ಸ್ವಂತ ಡೊಮೇನ್ ಸೇರಿಸಿಕೊಳ್ಳುವುದಿಲ್ಲ. ನಾಳೆ ಸೇವೆ ಬೇಡವಾದರೆ, ಪತ್ರ ಯಾವ ಸರ್ವರಿಗೆ ಹೋಗಬೇಕೆಂದು ಹೇಳುವ ಎಂಎಕ್ಸ್ ರೆಕಾರ್ಡ್ ಬದಲಿಸಿದರಾಯಿತು, ವಿಳಾಸ ಅದೇ. ಹಿಂದಿನ ದಿನವೇ ಟಿಟಿಎಲ್ ಅನ್ನು (ಹಳೆಯ ರೆಕಾರ್ಡನ್ನು ಬೇರೆ ಸರ್ವರುಗಳು ನೆನಪಿಟ್ಟುಕೊಳ್ಳುವ ಅವಧಿ) 300 ಸೆಕೆಂಡಿಗೆ ಇಳಿಸಿಟ್ಟರೆ ಬದಲಾವಣೆ ಬೇಗ ಹರಡುತ್ತದೆ.

ಎಡವುವುದು ಸಾಮಾನ್ಯವಾಗಿ ಮೂರು ಕಡೆ. ಹೊಸ ಸೇವೆಯ ಎಸ್‌ಪಿಎಫ್ ಸಾಲನ್ನು (ಡೊಮೇನ್ ಹೆಸರಲ್ಲಿ ಯಾವ ಸರ್ವರುಗಳು ಪತ್ರ ಕಳಿಸಬಹುದೆಂದು ಹೇಳುವ ದಾಖಲೆ) ಹಳೆಯದರ ಪಕ್ಕ ಎರಡನೆಯದಾಗಿ ಸೇರಿಸುತ್ತಾರೆ. ಒಂದು ಡೊಮೇನ್‌ಗೆ ಒಂದೇ ಎಸ್‌ಪಿಎಫ್ ಇರಬೇಕು, ಎರಡಿದ್ದರೆ ಪರೀಕ್ಷೆಯೇ ಕೆಟ್ಟು ಪತ್ರಗಳು ಸ್ಪ್ಯಾಮಿಗೆ ಬೀಳುತ್ತವೆ. ಡೊಮೇನ್ ಮಾರಿದ ಕಂಪನಿಯಲ್ಲಿನ ತಮ್ಮ ಖಾತೆಗೆ ಅದೇ ಡೊಮೇನ್‌ನ ವಿಳಾಸ ಕೊಡುತ್ತಾರೆ. ಡೊಮೇನ್ ನಿಂತ ದಿನ ನವೀಕರಣದ ಪತ್ರವೂ ಬರುವುದಿಲ್ಲ. ಇನ್ನು ನವೀಕರಣ ಮರೆತರಂತೂ ಬೇರೆಯವರು ಅದನ್ನು ಕೊಂಡು ನಿಮ್ಮ ಬ್ಯಾಂಕಿನ ಪತ್ರಗಳನ್ನು ತಾವು ಪಡೆಯಬಹುದು. ಮರೆವಿನವರು ಒಮ್ಮೆಗೇ ಹತ್ತು ವರ್ಷಕ್ಕೆ ಕಟ್ಟಲಿ, ಇಲ್ಲವೇ ಈ ಗೋಜಿಗೆ ಹೋಗದಿರಲಿ.

ಹೆಸರು ಆರಿಸುವಾಗ ಬ್ಯಾಂಕ್ ಕೌಂಟರಿನಲ್ಲಿ ನಿಂತು ಬಾಯಿಂದ ಹೇಳುವುದನ್ನು ಊಹಿಸಿಕೊಳ್ಳಿ. 'ಶ್ರೀ'ಯನ್ನು ಎಸ್-ಆರ್-ಐ ಎಂದೂ, ಎಸ್-ಎಚ್-ಆರ್-ಐ ಎಂದೂ, ಎಸ್-ಆರ್-ಇ-ಇ ಎಂದೂ ಬರೆಯುವ ನಾಡು ನಮ್ಮದು. 'ಶ್ರೀ'ಯನ್ನು ತಪ್ಪಿಸಿದಷ್ಟೂ ಕ್ಷೇಮ.

ಬದಲಾಯಿಸುವಾಗ ಹಳೆಯ ಖಾತೆಯನ್ನು ಕನಿಷ್ಠ ಒಂದು ವರ್ಷ ಇಟ್ಟುಕೊಂಡು, ಬಂದದ್ದೆಲ್ಲ ಹೊಸದಕ್ಕೆ ಫಾರ್ವರ್ಡ್ ಆಗುವಂತೆ ಮಾಡಿ. ವಿಮೆಯ ಕಂತು, ಫಾರ್ಮ್ 16 ಮುಂತಾದವು ವರ್ಷಕ್ಕೊಮ್ಮೆ ಮಾತ್ರ ಮುಖ ತೋರಿಸುತ್ತವೆ. ಬ್ಯಾಂಕ್, ಆದಾಯ ತೆರಿಗೆ ಪೋರ್ಟಲ್, ಡಿಮ್ಯಾಟ್, ಮ್ಯೂಚುವಲ್ ಫಂಡ್ ಮೊದಲು, ಶಾಪಿಂಗ್ ಕೊನೆಗೆ. ಹಳೆಯ ಪತ್ರಗಳನ್ನು ಗೂಗಲ್ ಟೇಕ್‌ಔಟ್‌ನಿಂದ ಎಂಬಾಕ್ಸ್ ಕಡತವಾಗಿ ಇಳಿಸಿಕೊಂಡು ಹಾರ್ಡ್ ಡಿಸ್ಕಿನಲ್ಲಿಡಿ.

ರಿಕವರಿಗೆ ಕೊಟ್ಟ ಮೊಬೈಲ್ ಸಂಖ್ಯೆಯನ್ನೂ ಒಮ್ಮೆ ನೋಡಿ. ವಿದೇಶಕ್ಕೆ ಹೋದ ಮಕ್ಕಳ ಇಲ್ಲಿಯ ಸಿಮ್ 90 ದಿನ ಬಳಕೆಯಾಗದಿದ್ದರೆ ನಿಷ್ಕ್ರಿಯವಾಗಬಹುದು, ಆಮೇಲೆ ಆ ಸಂಖ್ಯೆ ಬೇರೆಯವರ ಪಾಲು. ಓಟಿಪಿಯೂ ಅವರಿಗೇ. ಫೋನಿನಲ್ಲೇ ಕೋಡ್ ಹುಟ್ಟಿಸುವ ಅಥೆಂಟಿಕೇಟರ್ ಆ್ಯಪ್ ಅಥವಾ ಪಾಸ್‌ಕೀ (ಪಾಸ್‌ವರ್ಡ್ ಬದಲು ಬೆರಳಚ್ಚು, ಪಿನ್‌ನಿಂದ ಒಳಹೋಗುವ ಏರ್ಪಾಡು) ಇಟ್ಟುಕೊಂಡರೆ ಈ ತಲೆನೋವು ಕಡಿಮೆ.

ಸಂಪಾದಕರಲ್ಲಿ ಒಂದು ಕೋರಿಕೆ: ಮುಂದಿನ ಸಲ ಇಂಥ ಪಟ್ಟಿ ಪ್ರಕಟಿಸುವಾಗ, ಎಷ್ಟು ದಿನ ತೆರೆಯದಿದ್ದರೆ ಖಾತೆ ಅಳಿಸುತ್ತಾರೆ ಎಂಬ ಅಂಕಣವನ್ನೂ ಸೇರಿಸಿ. ಉಚಿತ ಖಾತೆಗೆ ಟುಟಾದಲ್ಲಿ ಆರು ತಿಂಗಳು, ಪ್ರೋಟಾನ್‌ನಲ್ಲಿ ಒಂದು ವರ್ಷ, ಗೂಗಲ್‌ನಲ್ಲಿ ಎರಡು ವರ್ಷ. ಮಕ್ಕಳು ಮಾಡಿಕೊಟ್ಟ ಖಾತೆಯನ್ನು ಅಪರೂಪಕ್ಕೆ ತೆರೆಯುವ ಹಿರಿಯರಿಗೆ ಎನ್‌ಕ್ರಿಪ್ಷನ್‌ಗಿಂತ ಮೊದಲು ಬೇಕಾದ ಮಾಹಿತಿ ಅದು.

ಇತಿ,
ಮೇಲ್ ಸರ್ವರ್ ನಿರ್ವಹಣೆಯ ಕೆಲಸದಲ್ಲಿರುವ ಓದುಗ, ಹುಬ್ಬಳ್ಳಿ